ಅಕ್ಕೋರನ್ನ ಕೇಳಿ: ಸರ್ಟಿಫಿಕೇಟು ಗಡಿ ದಾಟುತ್ತದಾ?

ಈ ತಿಂಗಳ ಟಪಾಲಿನಲ್ಲಿ ಅರ್ಧಕ್ಕರ್ಧ ಪತ್ರಗಳು ಒಂದೇ ಸಂಕಟದವು. ಮದುವೆಯಾಯಿತು, ಗಂಡನಿಗೆ ವರ್ಗವಾಯಿತು, ಬೇರೆ ರಾಜ್ಯಕ್ಕೆ ಹೊರಟಿದ್ದೇವೆ, ಇಲ್ಲಿ ಮಾಡಿದ ಶಿಕ್ಷಕ ತರಬೇತಿ ಅಲ್ಲಿ ನಡೆಯುತ್ತದಾ ಅಂತ. ನಾನೂ ಇಂಡಿ ತಾಲ್ಲೂಕಿನಿಂದ ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಗೆ ಸೊಸೆಯಾಗಿ ಹೋದವಳು. ಒಂಬತ್ತು ವರ್ಷ ಆ ಕಡೆ ಪಾಠ ಮಾಡಿ ಮತ್ತೆ ಈ ಕಡೆಗೆ ಬಂದವಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಪತ್ರಗಳಿಗೇ. ಪರೀಕ್ಷೆಗೆ ಏನು ಓದಬೇಕು ಅಂತ ಕೇಳಿದವರು ಮುಂದಿನ ತಿಂಗಳವರೆಗೆ ತಾಳಿ.

ಅಕ್ಕೋರೇ, ನಾನು ಪ್ರಾಥಮಿಕ ಶಿಕ್ಷಕರ ತರಬೇತಿ ಡಿ.ಇಎಲ್.ಇಡಿ ಮಾಡಿದ್ದೇನೆ. ಕರ್ನಾಟಕದ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ ಪತ್ರಿಕೆ-1 (ಒಂದರಿಂದ ಐದನೇ ತರಗತಿಯದು) ಪಾಸಾಗಿದೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಮುಂದಿನ ತಿಂಗಳು ಮದುವೆ, ಹುಡುಗ ಸೊಲ್ಲಾಪುರದವರು. ಅಲ್ಲಿ ಪಾಠ ಮಾಡಲು ಬೇರೆ ಲೈಸೆನ್ಸ್ ತಗೋಬೇಕು ಅಂತ ಗೆಳತಿ ಹೇಳಿದಳು. ನಿಜವೇ?
— ಓದುಗಿ, ಹಾವೇರಿ

ಮೊದಲು ಮದುವೆಗೆ ಶುಭಾಶಯ, ತಂಗಿ. ನಿಮ್ಮ ಗೆಳತಿ ಯಾವುದೋ ಅಮೆರಿಕದ ವಿಡಿಯೋ ನೋಡಿರಬೇಕು. ವಕೀಲರಿಗೆ ಸನದು ಇದೆ, ಡಾಕ್ಟರಿಗೆ ನೋಂದಣಿ ಇದೆ. ನಮ್ಮ ದೇಶದಲ್ಲಿ ಶಿಕ್ಷಕರಿಗೆ ಲೈಸೆನ್ಸ್ ಅಂತ ಒಂದು ಕಾಗದವೇ ಇಲ್ಲ. ಇರುವುದು ಬೇರೆ ಬೇರೆ ಮೂರು ಸಂಗತಿ. ನೀವು ಕಲಿತ ತರಬೇತಿ ಒಂದು, ಪಾಸಾದ ಟಿಇಟಿ ಇನ್ನೊಂದು, ಸಿಗುವ ಹುದ್ದೆ ಮತ್ತೊಂದು. ಜನ ಮೂರನ್ನೂ ಒಂದೇ ಗಂಟು ಕಟ್ಟಿ ಕೇಳುತ್ತಾರೆ, ಅದಕ್ಕೇ ಗೊಂದಲ. ತರಬೇತಿ ಎಲ್ಲ ಕಡೆ ನಡೆಯುತ್ತದೆ. ಟಿಇಟಿ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಹುದ್ದೆ ಮಾತ್ರ ಹುಟ್ಟಿದ ಕಡೆಯೇ ಕೂತಿರುತ್ತದೆ.

ತರಬೇತಿಯ ವಿಷಯ ಮೊದಲು ಹೇಳುತ್ತೇನೆ. ಅದರಲ್ಲಿ ನಾನೇ ಪೆಟ್ಟು ತಿಂದವಳು.

1986ರ ಜೂನ್. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಮೀಟರ್‌ಗೇಜ್ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದೆ. ಕಂಕುಳಲ್ಲಿ ಕಂದು ರೆಕ್ಸಿನ್ ಚೀಲ, ಅದರೊಳಗೆ ನನ್ನ ಟಿಸಿಎಚ್ ಅಂಕಪಟ್ಟಿ. ಆಗ ನಮ್ಮಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಗೆ ಟಿಸಿಎಚ್ ಅಂತಲೇ ಹೆಸರು. ಆಮೇಲೆ ಅದು ಡಿ.ಇಡಿ ಆಯಿತು, ಈಗ ಡಿ.ಇಎಲ್.ಇಡಿ. ಅಕ್ಕಲಕೋಟೆ ತಾಲ್ಲೂಕಿನ ಒಂದು ಅನುದಾನಿತ ಕನ್ನಡ ಶಾಲೆಯವರು ನನ್ನನ್ನು ತಗೊಂಡಿದ್ದರು. ಇನ್ನು ಮೇಲಿನ ಕಚೇರಿಯ ಒಪ್ಪಿಗೆ ಒಂದೇ ಬಾಕಿ. ಯಾವ ಕಚೇರಿ ಅನ್ನೋದು ಬೇಡ ಬಿಡಿ. ಅಲ್ಲಿಯ ಕಾರಕೂನರು ಅಂಕಪಟ್ಟಿಯನ್ನು ಕಿಟಕಿ ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ‘ಹೇ ಟೀಸೀಎಚ್ ಕಾಯ್?’ ಅಂದರು. ನನಗೆ ಮರಾಠಿ ತಿಳಿಯುತ್ತಿತ್ತು, ತಿರುಗಿ ಮಾತಾಡಲು ನಾಲಿಗೆ ಹೊರಳುತ್ತಿರಲಿಲ್ಲ. ‘ನಿಮ್ಮ ಡಿ.ಇಡಿನೇ ಸಾಹೇಬ್ರೇ, ನಮ್ಮಲ್ಲಿ ಹೆಸರು ಬೇರೆ’ ಅಂತ ಕನ್ನಡದಲ್ಲೇ ಹೇಳಿದೆ. ಅವರು ಒಳಬಂದ ಕಾಗದಕ್ಕೆ ಹಾಕುವ ಒಂದು ಆವಕ್ ನಂಬರು ಹಾಕಿ, ಕಾಗದವನ್ನು ಪೇಪರ್‌ವೇಟಿನ ಕೆಳಗಿಟ್ಟರು. ಎಂಟು ತಿಂಗಳು ಅದು ಅಲ್ಲೇ ಇತ್ತು. ಅಷ್ಟೂ ತಿಂಗಳು ಸಂಬಳ ಇಲ್ಲ. ಸಂಸ್ಥೆಯವರು ತಿಂಗಳಿಗಿಷ್ಟು ಅಂತ ಕೈಖರ್ಚಿಗೆ ಕೊಟ್ಟರು.

ಕೊನೆಗೆ ಗಂಟು ಬಿಚ್ಚಿದ್ದು ಯಾವ ಶಿಫಾರಸೂ ಅಲ್ಲ. ನನ್ನ ತರಬೇತಿ ಸಂಸ್ಥೆಗೆ ಹೋಗಿ ಪಠ್ಯಕ್ರಮದ ಪ್ರತಿ ತಂದೆ. ಎರಡು ವರ್ಷದಲ್ಲಿ ಯಾವ ಯಾವ ವಿಷಯ, ಎಷ್ಟು ಪಾಠ ಬೋಧನೆ, ಎಲ್ಲ ಅದರಲ್ಲಿತ್ತು. ಪ್ರಾಂಶುಪಾಲರು ಪುಟಪುಟಕ್ಕೂ ಸಹಿ, ಮೊಹರು ಹಾಕಿಕೊಟ್ಟರು. ಅದನ್ನು ನೋಡಿದ ಮೇಲೆ ಹತ್ತೇ ದಿನದಲ್ಲಿ ಒಪ್ಪಿಗೆ ಬಂತು. ಆ ಪ್ರತಿ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ನಿಮಗೆ ಇಷ್ಟು ಕಷ್ಟ ಇರಲಿಕ್ಕಿಲ್ಲ. ಈಗ ಇಡೀ ದೇಶಕ್ಕೆ ಎನ್‌ಸಿಟಿಇ ಅಂತ ಒಂದು ಸಂಸ್ಥೆ ಇದೆ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರಿಗೆ ಕನಿಷ್ಠ ಏನು ಓದಿರಬೇಕು ಅಂತ ಅವರು 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿದರು. ಅದರಲ್ಲಿ ಎರಡು ವರ್ಷದ ಡಿಪ್ಲೊಮಾದ ಪಕ್ಕದಲ್ಲೇ ‘ಯಾವ ಹೆಸರಿನಿಂದ ಕರೆದರೂ ಸರಿ’ ಅನ್ನುವ ಅರ್ಥದ ಮಾತಿದೆ. ಅದನ್ನು ಮೊದಲ ಸಲ ಓದಿದಾಗ ನಗು ಬಂತು. 1986ರಲ್ಲಿ ಇದೊಂದು ಸಾಲು ಇದ್ದಿದ್ದರೆ ನನ್ನ ಎಂಟು ತಿಂಗಳ ಸಂಬಳ ಉಳಿಯುತ್ತಿತ್ತಲ್ವಾ! ನೀವು ನೋಡಬೇಕಾದ್ದು ಎರಡೇ. ನಿಮ್ಮ ಕಾಲೇಜಿಗೆ ನೀವು ಓದಿದ ವರ್ಷ ಎನ್‌ಸಿಟಿಇ ಮಾನ್ಯತೆ ಇತ್ತಾ, ಪಿಯುಸಿಯಲ್ಲಿ ಶೇ. 50 ಅಂಕ ಇದೆಯಾ. ಮಾನ್ಯತೆ ಆದೇಶದ ಪ್ರತಿಯನ್ನು ಈಗಲೇ ಕಾಲೇಜಿನಿಂದ ಇಸಿದುಕೊಳ್ಳಿ. ಮದುವೆ ಆದ ಮೇಲೆ ಹಾವೇರಿಗೆ ಬಂದಾಗ ತಗೊಂಡರಾಯಿತು ಅಂದುಕೊಳ್ಳಬೇಡಿ. ತವರಿಗೆ ಬಂದಾಗ ಕಾಲೇಜಿಗೆ ಯಾರೂ ಹೋಗುವುದಿಲ್ಲ.

ಇನ್ನು ಟಿಇಟಿ. ಇದನ್ನು ಹೇಗೆ ನಡೆಸಬೇಕು ಅಂತ ಎನ್‌ಸಿಟಿಇ 2011ರ ಫೆಬ್ರವರಿಯಲ್ಲಿ ಮಾರ್ಗಸೂಚಿ ಕೊಟ್ಟಿತು. ಬೇರೆ ರಾಜ್ಯದ ಟಿಇಟಿ ಪಾಸಾದವರನ್ನೂ ಶಾಲೆಗಳು ಪರಿಗಣಿಸಬಹುದು ಅಂತ ಅದರಲ್ಲಿ ಬರೆದಿದೆ. ಓದಿದರೆ ಖುಷಿಯಾಗುತ್ತದೆ. ಆದರೆ ನೇಮಕಾತಿ ನಿಯಮ ಮಾಡುವವರು ರಾಜ್ಯದವರು. ಜಾರ್ಖಂಡ್‌ನಲ್ಲಿ ಏನಾಯಿತು ನೋಡಿ. ಕೇಂದ್ರದ ಸಿಟಿಇಟಿ ಆದವರು, ನೆರೆ ರಾಜ್ಯದ ಟಿಇಟಿ ಆದವರು ಅಲ್ಲಿಯ ಶಿಕ್ಷಕರ ನೇಮಕಾತಿಗೆ ಬರಬಹುದು ಅಂತ ಹೈಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಹಾಗಾಗಿ ಒಂದು ರಾಜ್ಯದ ಟಿಇಟಿ ಹಿಡಿದುಕೊಂಡು ಇನ್ನೊಂದು ರಾಜ್ಯದ ಸರ್ಕಾರಿ ಹುದ್ದೆ ಖಂಡಿತ ಅಂತ ಕೂರಬೇಡಿ. ಖಾಸಗಿ ಶಾಲೆಯಾದರೆ ಇಷ್ಟು ಬಿಗಿ ಇರುವುದಿಲ್ಲ.

ಸೊಲ್ಲಾಪುರದಲ್ಲಿ ನಿಮಗೆ ಒಂದು ಅನುಕೂಲ ಇದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಅನುದಾನಿತ ಕನ್ನಡ ಶಾಲೆಗಳೂ ಇವೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಹಾವೇರಿಯಲ್ಲಿ ಎಲ್ಲರಿಗೂ ಇರುವ ಗುಣ. ಅಲ್ಲಿ ಅದೇ ಹುಡುಕಿ ಹೋಗುವ ಗುಣ. ಮಹಾರಾಷ್ಟ್ರದ ಟಿಇಟಿಯನ್ನು ಪುಣೆಯ ಪರೀಕ್ಷಾ ಪರಿಷತ್ತು ನಡೆಸುತ್ತದೆ, ಕನ್ನಡದಲ್ಲೂ ಬರೆಯಬಹುದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಆಮೇಲೆ ಟೇಟ್ ಅಂತ ಇನ್ನೊಂದು ಅಭಿಯೋಗ್ಯತಾ ಪರೀಕ್ಷೆ ಇದೆ. ಅದರ ಅಂಕದ ಮೇಲೆ ‘ಪವಿತ್ರ’ ಪೋರ್ಟಲ್ಲಿನಲ್ಲಿ ನೇಮಕ. ಈ ಟೇಟ್ 2017ರಲ್ಲಿ ಆಯಿತು, ಆಮೇಲೆ 2023ರಲ್ಲಿ, ಆಮೇಲೆ 2025ರಲ್ಲಿ. ನಡುವಿನ ಅಂತರ ನೋಡಿದಿರಾ? ಕರೆದಾಗ ತಪ್ಪಿಸಿಕೊಂಡರೆ ವರ್ಷಗಟ್ಟಲೆ ಕಾಯಬೇಕು.

ಮದುವೆ ಗಲಾಟೆ ಮುಗಿದ ಮೇಲೆ ಮಹಾರಾಷ್ಟ್ರದ ಟಿಇಟಿ ಒಂದು, ಸಿಟಿಇಟಿ ಒಂದು, ಎರಡಕ್ಕೂ ಅರ್ಜಿ ಹಾಕಿ. ಕರ್ನಾಟಕದ್ದು ಇದ್ದೇ ಇದೆ. ಟಿಇಟಿಗೆ ಮೊದಲು ಏಳು ವರ್ಷ ಬಾಳಿಕೆ ಇತ್ತು. 2021ರಲ್ಲಿ ಅದನ್ನು ಜೀವಮಾನ ಪೂರ್ತಿಗೆ ಮಾಡಿದರು, 2011ರಿಂದ ಪಾಸಾದವರಿಗೂ ಸೇರಿ. ಹಾಗಾಗಿ ಅದು ಹಳಸುವುದಿಲ್ಲ. ಮತ್ತೆ ಇನ್ನೊಂದು ಮಾತು: ಶಾಲೆ ಕನ್ನಡದ್ದಾದರೂ ಸುತ್ತೋಲೆ, ಸಭೆ, ಸಾಹೇಬರ ಬೈಗುಳ ಎಲ್ಲ ಮರಾಠಿಯಲ್ಲೇ. ಅತ್ತೆಮನೆಯಲ್ಲಿ ಮರಾಠಿ ಮಾತಾಡುವವರಿದ್ದರೆ ಮೊದಲ ದಿನದಿಂದಲೇ ಶುರು ಮಾಡಿ.

ನಾನು ಜತ್ತ ತಾಲ್ಲೂಕಿನ ಅನುದಾನಿತ ಕನ್ನಡ ಶಾಲೆಯಲ್ಲಿ 2005ರಿಂದ ಶಿಕ್ಷಕ. ವಯಸ್ಸು 48. ಟಿಇಟಿ ಬರೆದೇ ಇಲ್ಲ, ಆಗ ಇರಲೂ ಇಲ್ಲ. ಈಗ ಎಲ್ಲರೂ ಬರೆಯಲೇಬೇಕು ಅನ್ನುತ್ತಿದ್ದಾರೆ. ವಿಜಯಪುರದಲ್ಲಿ ಕರ್ನಾಟಕದ ಟಿಇಟಿ ಬರೆದರೆ ಆಗುತ್ತದೆಯೇ? ಅದರ ಪುಸ್ತಕ ಕನ್ನಡದಲ್ಲಿ ಸುಲಭವಾಗಿ ಸಿಗುತ್ತವೆ.
— ಓದುಗ, ಸಾಂಗ್ಲಿ ಜಿಲ್ಲೆ

ಸರ್, ನಿಮ್ಮ ಪತ್ರದ ಅಕ್ಷರ ಎಷ್ಟು ಚೆಂದ ಇದೆ! ಬೋರ್ಡಿನ ಮೇಲೆ ಬರೆದ ಹಾಗೆ.

ನೀವು ಕೇಳಿದ್ದು ಸುಳ್ಳಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಟಿಇಟಿ ಬರುವ ಮೊದಲೇ ಸೇರಿದವರಾದರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇದ್ದರೆ ಎರಡು ವರ್ಷದೊಳಗೆ ಪಾಸಾಗಬೇಕು. ಐದಕ್ಕಿಂತ ಕಡಿಮೆ ಇದ್ದರೆ ಹಾಗೇ ಮುಂದುವರಿಯಬಹುದು, ಬಡ್ತಿ ಮಾತ್ರ ಇಲ್ಲ. ನಿಮಗೆ ಇನ್ನೂ ಹತ್ತು ವರ್ಷ ಇದೆ. ಆದ್ದರಿಂದ ನೀವು ಬರೆಯುವ ಸಾಲಿಗೇ ಸೇರುತ್ತೀರಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಳೆ ಇದೆ. ಮಹಾರಾಷ್ಟ್ರದಲ್ಲಿ ಕನ್ನಡದವರು ಭಾಷಾ ಅಲ್ಪಸಂಖ್ಯಾತರು. ನಿಮ್ಮ ಸಂಸ್ಥೆಗೆ ಅಲ್ಪಸಂಖ್ಯಾತ ಸಂಸ್ಥೆ ಅನ್ನುವ ಪ್ರಮಾಣಪತ್ರ ಇದೆಯಾ ಕೇಳಿ. ಟಿಇಟಿಗೆ ಮೂಲವಾದ ಶಿಕ್ಷಣ ಹಕ್ಕು ಕಾಯ್ದೆ ಅಂಥ ಸಂಸ್ಥೆಗಳಿಗೆ ಅನ್ವಯವಾಗುವುದಿಲ್ಲ ಅಂತ 2014ರಲ್ಲಿ ಒಂದು ತೀರ್ಪು ಬಂದಿತ್ತು. ಅದು ಸರಿಯೇ ಅನ್ನುವ ಪ್ರಶ್ನೆಯನ್ನು ಈ ಹೊಸ ತೀರ್ಪು ದೊಡ್ಡ ಪೀಠಕ್ಕೆ ಕಳಿಸಿದೆ. ಅದನ್ನೇ ನೆಚ್ಚಿಕೊಂಡು ಸುಮ್ನೆ ಕೂರಬೇಡಿ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಪೀಠ ಯಾವಾಗ ಕೂರುತ್ತದೋ, ಏನು ಹೇಳುತ್ತದೋ. ನಿಮ್ಮ ಎರಡು ವರ್ಷ ಮಾತ್ರ ಓಡುತ್ತಲೇ ಇರುತ್ತದೆ.

ಕರ್ನಾಟಕದ್ದು ಬರೆದರೆ ಆಗುತ್ತದಾ? ನಾನಾದರೆ ಬರೆಯುವುದಿಲ್ಲ. ಸಂಬಳ ಕೊಡುವವರು ಮಹಾರಾಷ್ಟ್ರದವರು. ಸೇವಾ ಪುಸ್ತಕದಲ್ಲಿ ನಮೂದಿಸುವವರೂ ಅವರೇ. ನನ್ನ ಪೇಪರ್‌ವೇಟಿನ ಕಥೆ ಮೇಲೆ ಓದಿದಿರಲ್ಲ? ಮಹಾರಾಷ್ಟ್ರದ ಟಿಇಟಿಯನ್ನೇ ಕನ್ನಡದಲ್ಲಿ ಬರೆಯಿರಿ. ಇನ್ನು ಪುಸ್ತಕ. ಅದಕ್ಕೆ ಗಡಿ ಎಲ್ಲಿದೆ? ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರ 30 ಅಂಕ, ಎರಡು ಭಾಷೆಗೆ ಮೂವತ್ತು ಮೂವತ್ತು, ಉಳಿದ 60 ವಿಷಯಕ್ಕೆ, ಒಟ್ಟು 150. ಈ ಚೌಕಟ್ಟು ಎರಡೂ ಕಡೆ ಒಂದೇ. ವಿಜಯಪುರದಲ್ಲಿ ಸಿಗುವ ಕನ್ನಡ ಪುಸ್ತಕ ತಂದೇ ಓದಿ. ಪರಿಸರ ಮತ್ತು ಸಮಾಜ ವಿಜ್ಞಾನಕ್ಕೆ ಮಾತ್ರ ನೀವು ದಿನಾ ಪಾಠ ಮಾಡುವ ಪುಸ್ತಕಗಳನ್ನೇ ನೆಚ್ಚಿ. ಶಿವಾಜಿ ಮಹಾರಾಜರ ಪಾಠವನ್ನು ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೀರಿ, ಅದು ಇಲ್ಲಿ ಅಂಕ ತರುತ್ತದೆ.

ಮದುವೆಯಾಗಿ ಪೆರ್ಲಕ್ಕೆ ಬಂದಿದ್ದೇನೆ. ತವರು ಪುತ್ತೂರು. ಮಂಗಳೂರು ವಿಶ್ವವಿದ್ಯಾಲಯದ ಬಿಎಸ್ಸಿ, ಬಿ.ಇಡಿ. ಕಾಸರಗೋಡಿನ ಕನ್ನಡ ಹೈಸ್ಕೂಲುಗಳಲ್ಲಿ ಗಣಿತ ಶಿಕ್ಷಕಿಯಾಗಲು ಏನು ಮಾಡಬೇಕು ಅಕ್ಕಾ?
— ಓದುಗಿ, ಪೆರ್ಲ

ಪುತ್ತೂರಿನಿಂದ ಬಸ್ಸಲ್ಲಿ ಹೋದರೆ ಸಾರಡ್ಕ ದಾಟಿದ್ದೇ ಗೊತ್ತಾಗುವುದಿಲ್ಲ. ಅದೇ ತುಳು, ಅದೇ ಕನ್ನಡ. ಆದರೆ ಕಾಗದದ ಲೆಕ್ಕದಲ್ಲಿ ನೀವೀಗ ಬೇರೆ ಲೋಕದಲ್ಲಿದ್ದೀರಿ.

ಕೇರಳದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರನ್ನು ಆರಿಸುವುದು ಅಲ್ಲಿಯ ಪಿಎಸ್‌ಸಿ, ಅಂದರೆ ಲೋಕಸೇವಾ ಆಯೋಗ. ಕಾಸರಗೋಡು ಜಿಲ್ಲೆಗೆ ಕನ್ನಡ ಮಾಧ್ಯಮದ ಹುದ್ದೆಗಳನ್ನು ಬೇರೆಯಾಗಿಯೇ ಕರೆಯುತ್ತಾರೆ. ಹೆಸರಿನ ಮುಂದೆ ‘ಕನ್ನಡ ಮಾಧ್ಯಮ’ ಅಂತ ಇರುತ್ತದೆ, ಅದನ್ನೇ ಹುಡುಕಿ. ಅಲ್ಲಿಯ ಅರ್ಹತಾ ಪರೀಕ್ಷೆ ಕೆ-ಟೆಟ್. ಅದರಲ್ಲಿ ನಾಲ್ಕು ವಿಭಾಗ. ಒಂದನೆಯದು ಕಿರಿಯ ಪ್ರಾಥಮಿಕ, ಎರಡನೆಯದು ಹಿರಿಯ ಪ್ರಾಥಮಿಕ, ಮೂರನೆಯದು ಹೈಸ್ಕೂಲು, ನಾಲ್ಕನೆಯದು ಭಾಷೆ, ದೈಹಿಕ ಶಿಕ್ಷಣ ಮುಂತಾದವರಿಗೆ. ನಮ್ಮ ಟಿಇಟಿ ಎಂಟನೇ ತರಗತಿಗೇ ನಿಲ್ಲುತ್ತದೆ. ಅವರು ಹೈಸ್ಕೂಲಿಗೂ ಪರೀಕ್ಷೆ ಇಟ್ಟಿದ್ದಾರೆ. ಹಾಗಾಗಿ ನಿಮಗೆ ಬೇಕಾದ್ದು ಮೂರನೇ ವಿಭಾಗ. ಕರ್ನಾಟಕದ ಟಿಇಟಿ ಇದ್ದರೂ ಅದರ ಬದಲಿಗೆ ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ಎಡವುವುದು ಇಲ್ಲೇ. ಕೇರಳದಲ್ಲಿ ಬಿ.ಇಡಿ ಆಯಾ ವಿಷಯದಲ್ಲೇ ಆಗಿರಬೇಕು ಅನ್ನುತ್ತಾರೆ. ಗಣಿತ ಶಿಕ್ಷಕಿಯಾಗಲು ಗಣಿತದ ಬಿ.ಇಡಿ. ನಮ್ಮಲ್ಲಿ ಎರಡು ಬೋಧನಾ ವಿಷಯ ತಗೊಳ್ಳುತ್ತೇವೆ, ಗಣಿತ ಮತ್ತು ಭೌತವಿಜ್ಞಾನ ಅಂತ. ಪದವಿ ಪ್ರಮಾಣಪತ್ರದಲ್ಲಿ ಬರೀ ‘ಬಿ.ಇಡಿ’ ಅಂತ ಇರುತ್ತದೆ. ವಿಷಯದ ಹೆಸರು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಕಾಲೇಜಿನಿಂದ, ಆಗದಿದ್ದರೆ ವಿಶ್ವವಿದ್ಯಾಲಯದಿಂದ, ನೀವು ಓದಿದ ಬೋಧನಾ ವಿಷಯಗಳನ್ನು ಹೆಸರಿಸಿ ಪತ್ರ ಬರೆಸಿಕೊಳ್ಳಿ. ಹೊರರಾಜ್ಯದ ಪದವಿಗೆ ತತ್ಸಮಾನ ಪ್ರಮಾಣಪತ್ರ ಕೇಳಿದರೆ ಕೇರಳದ ಯಾವುದಾದರೂ ವಿಶ್ವವಿದ್ಯಾಲಯದಿಂದ ತರಬೇಕಾಗುತ್ತದೆ. ಕಾಸರಗೋಡು ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ. ಪಿಎಸ್‌ಸಿ ಕರೆದ ಮೇಲೆ ಇದಕ್ಕೆ ಓಡಾಡಬೇಡಿ, ಈಗಲೇ ಶುರು ಮಾಡಿ.

ನಡುವೆ ಕೈ ಖಾಲಿ ಬಿಡಬೇಡಿ. ಜೂನ್ ಬಂತೆಂದರೆ ಶಾಲೆಗಳಲ್ಲಿ ದಿನಗೂಲಿ ಲೆಕ್ಕದ ತಾತ್ಕಾಲಿಕ ಶಿಕ್ಷಕರನ್ನು ಸಂದರ್ಶನ ಮಾಡಿ ತಗೊಳ್ಳುತ್ತಾರೆ. ಪೆರ್ಲ, ಬದಿಯಡ್ಕ, ಕುಂಬಳೆ ಸುತ್ತಿನ ಶಾಲೆಗಳಲ್ಲಿ ವಿಚಾರಿಸಿ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದ್ದಾರೆ ಅಂತ ಕಾಸರಗೋಡಿನ ತಂದೆತಾಯಂದಿರು ಎಷ್ಟು ಸಲ ಬೀದಿಗಿಳಿದಿದ್ದಾರೆ! ಕನ್ನಡದಲ್ಲಿ ಗಣಿತ ಹೇಳಿಕೊಡಬಲ್ಲ ನಿಮ್ಮಂಥವರು ಅಲ್ಲಿ ಬೇಕೇ ಬೇಕು.

ಪತಿ ಸೈನ್ಯದಲ್ಲಿದ್ದಾರೆ. ಎರಡು-ಮೂರು ವರ್ಷಕ್ಕೊಂದು ಊರು. ನನ್ನದು ಬಿಎ, ಬಿ.ಇಡಿ. ಪ್ರತಿ ರಾಜ್ಯದಲ್ಲೂ ಹೊಸದಾಗಿ ಪರೀಕ್ಷೆ ಬರೆಯುವುದು ಸಾಧ್ಯವಿಲ್ಲ. ಪ್ರಾಥಮಿಕ ಶಾಲೆಗಾದರೂ ಪರವಾಗಿಲ್ಲ, ಎಲ್ಲಿ ಹೋದರೂ ನಡೆಯುವ ದಾರಿ ಇದೆಯೇ?
— ಓದುಗಿ, ಈಗ ಪಠಾಣ್‌ಕೋಟ್, ಊರು ಹಾಸನ

ಇದೆ. ನೀವು ರಾಜ್ಯದ ಟಿಇಟಿಗಳ ತಂಟೆಗೇ ಹೋಗಬೇಡಿ. ಸಿಬಿಎಸ್‌ಇ ನಡೆಸುವ ಸಿಟಿಇಟಿ ಒಂದು ಪಾಸಾಗಿ. ಕೇಂದ್ರೀಯ ವಿದ್ಯಾಲಯ, ನವೋದಯ, ದೆಹಲಿ-ಚಂಡೀಗಢದ ಶಾಲೆಗಳು, ಎಲ್ಲ ಕಡೆ ಅದು ನಡೆಯುತ್ತದೆ. ದಂಡು ಪ್ರದೇಶದ ಆರ್ಮಿ ಪಬ್ಲಿಕ್ ಸ್ಕೂಲುಗಳು ದೇಶದಲ್ಲಿ 130ಕ್ಕೂ ಜಾಸ್ತಿ ಇವೆ. ಅವುಗಳಿಗೆ ಬೇರೆ ಒಂದು ಆನ್‌ಲೈನ್ ಪರೀಕ್ಷೆ ಇದೆ, ನಿಮ್ಮ ಯಜಮಾನರ ಘಟಕದಲ್ಲಿ ಕೇಳಿದರೆ ಹೇಳುತ್ತಾರೆ. ಕೇಂದ್ರೀಯ ವಿದ್ಯಾಲಯಗಳು ವರ್ಷಕ್ಕೊಮ್ಮೆ ಗುತ್ತಿಗೆ ಶಿಕ್ಷಕರಿಗೆ ನೇರ ಸಂದರ್ಶನ ಇಡುತ್ತವೆ. ಎರಡು ವರ್ಷಕ್ಕೆ ಊರು ಬಿಡುವವರಿಗೆ ಅದು ಹೇಳಿ ಮಾಡಿಸಿದ್ದು.

ಆದರೆ ‘ಪ್ರಾಥಮಿಕಕ್ಕಾದರೂ ಪರವಾಗಿಲ್ಲ’ ಅಂದಿರಲ್ಲ, ಅಲ್ಲಿ ತಡೆ ಇದೆ. 2018ರಲ್ಲಿ ಬಿ.ಇಡಿ ಆದವರೂ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಹುದು ಅಂತ ಎನ್‌ಸಿಟಿಇ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ, ಬಿ.ಇಡಿಯಲ್ಲಿ ಅದು ಇಲ್ಲ ಅಂತ. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಒಂದನೇ ತರಗತಿಯ ಮಗುವಿಗೆ ‘ಗ’ ಮತ್ತು ‘ಗಾ’ ಬೇರೆ ಮಾಡಿ ಕೇಳಿಸುವುದು ಹೈಸ್ಕೂಲಿಗೆ ಇತಿಹಾಸ ಹೇಳಿದಂತಲ್ಲ. ಹಾಗಾಗಿ ನೀವು ಪತ್ರಿಕೆ-2 ಬರೆಯಿರಿ, ಸಮಾಜ ವಿಜ್ಞಾನ ಆರಿಸಿಕೊಳ್ಳಿ. ಆರರಿಂದ ಎಂಟನೇ ತರಗತಿಗೆ ಅದು ಸಾಕು.

ಕನ್ನಡದವರು ಗಮನಿಸಬೇಕಾದ ಮಾತು. ಸಿಟಿಇಟಿಯಲ್ಲಿ ಕನ್ನಡವನ್ನು ಭಾಷೆಯಾಗಿ ಆರಿಸಬಹುದು. ಉಳಿದ ಪ್ರಶ್ನೆಗಳು ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ಇರುತ್ತವೆ. ನಮ್ಮ ಪಕ್ಕದ ಮನೆಯ ಹುಡುಗಿ ಇದು ಗೊತ್ತಿಲ್ಲದೆ ಎಲ್ಲವನ್ನೂ ಕನ್ನಡದಲ್ಲಿ ಓದಿಕೊಂಡು ಹೋದಳು. ಎರಡೂವರೆ ಗಂಟೆಯಲ್ಲಿ ಒಂದು ಗಂಟೆ ಪ್ರಶ್ನೆ ಅರ್ಥ ಮಾಡಿಕೊಳ್ಳಲಿಕ್ಕೇ ಹೋಯಿತು. 150ಕ್ಕೆ 90 ಬೇಕಿತ್ತು, 86 ಬಂತು.

ರಾಯಚೂರಿನವನು, ಪರಿಶಿಷ್ಟ ಜಾತಿ. ಕರ್ನಾಟಕದ ಟಿಇಟಿ ಶೇ. 55ರ ರಿಯಾಯಿತಿಯಲ್ಲಿ ಪಾಸಾಗಿದ್ದೇನೆ. ತೆಲುಗು ಓದಲು, ಬರೆಯಲು ಬರುತ್ತದೆ. ತೆಲಂಗಾಣದ ಶಿಕ್ಷಕರ ನೇಮಕಾತಿ ಡಿಎಸ್‌ಸಿಯಲ್ಲಿ ನನ್ನ ಮೀಸಲಾತಿ ಸಿಗುತ್ತದೆಯೇ?
— ಓದುಗ, ರಾಯಚೂರು

ಸಿಗುವುದಿಲ್ಲ, ತಮ್ಮ. ಜಾತಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದೇ ಹೆಸರಿನ ಜಾತಿ ಎರಡೂ ಕಡೆ ಪಟ್ಟಿಯಲ್ಲಿದ್ದರೂ, ವಲಸೆ ಹೋದವರಿಗೆ ಅಲ್ಲಿ ಆ ಮೀಸಲಾತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 1990ರಷ್ಟು ಹಿಂದೆಯೇ ಹೇಳಿದೆ. ಅಲ್ಲಿ ನೀವು ಸಾಮಾನ್ಯ ವರ್ಗದ ಲೆಕ್ಕ. ಸಾಮಾನ್ಯ ವರ್ಗಕ್ಕೆ ಟಿಇಟಿಯಲ್ಲಿ ಶೇ. 60 ಬೇಕು, ಅಂದರೆ ನಿಮ್ಮ ರಿಯಾಯಿತಿಯ ಅಂಕವೂ ಅಲ್ಲಿ ಸಾಲದೇ ಹೋಗಬಹುದು. ಇದರ ಮೇಲೆ ಸ್ಥಳೀಯರ ಕೋಟಾ ಬೇರೆ. 2018ರ ರಾಷ್ಟ್ರಪತಿ ಆದೇಶದಂತೆ ತೆಲಂಗಾಣದಲ್ಲಿ ಶೇ. 95 ಹುದ್ದೆ ಸ್ಥಳೀಯರಿಗೆ. ಒಂದರಿಂದ ಏಳನೇ ತರಗತಿಯಲ್ಲಿ ನಾಲ್ಕು ವರ್ಷವಾದರೂ ಎಲ್ಲಿ ಓದಿದ್ದೀರಿ ಅನ್ನುವುದರ ಮೇಲೆ ಸ್ಥಳೀಯರು ಯಾರು ಅಂತ ನಿರ್ಧಾರ. ನೀವು ರಾಯಚೂರಿನಲ್ಲೇ ಓದಿದವರು.

ಬೇಜಾರಾಗಬೇಡಿ. ನಿಮ್ಮ ಕೈಯಲ್ಲಿ ಅವರಿಗೆ ಇಲ್ಲದ್ದು ಇದೆ, ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಶಿಕ್ಷಕ ಹುದ್ದೆಗಳಲ್ಲಿ ನಿಮಗೆ ಸ್ಥಳೀಯ ಮೀಸಲು ಉಂಟು, ಅದರೊಳಗೆ ಜಾತಿ ಮೀಸಲೂ ಉಂಟು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರನ್ನು ಕರೆದಾಗ 5,000 ಆ ಜಿಲ್ಲೆಗಳಿಗೇ ಇತ್ತು. ಕೃಷ್ಣಾ ಸೇತುವೆಯ ಆಚೆಗೆ ನೋಡುವ ಮೊದಲು ಈಚೆ ದಂಡೆ ನೋಡಿ.

ಬೆಳಗಾವಿ ಜಿಲ್ಲೆಯಲ್ಲಿ ಸರ್ಕಾರಿ ಶಿಕ್ಷಕಿ, 11 ವರ್ಷ ಸೇವೆ. ಪತಿಗೆ ಗೋವಾದಲ್ಲಿ ಕೆಲಸ. ಅಲ್ಲಿಗೆ ವರ್ಗಾವಣೆ ಸಾಧ್ಯವೇ?
— ಓದುಗಿ, ಖಾನಾಪುರ

ಇಲ್ಲ. 2020ರ ವರ್ಗಾವಣೆ ಕಾಯ್ದೆಯಲ್ಲಿ ಪತಿ-ಪತ್ನಿ ಪ್ರಕರಣಕ್ಕೆ ಜಾಗ ಇದೆ, ಆದರೆ ರಾಜ್ಯದೊಳಗೆ. ಗೋವಾದ ಹುದ್ದೆ ಬೇಕಾದರೆ ಹೊಸದಾಗಿಯೇ ಅರ್ಜಿ ಹಾಕಬೇಕು. ಅಲ್ಲಿ ಕೊಂಕಣಿ ಗೊತ್ತಿರಬೇಕು ಅನ್ನುತ್ತಾರೆ, ಸೇವೆ ಸೊನ್ನೆಯಿಂದ ಶುರು. ನಾನು ಈ ಕಡೆಗೆ ವಾಪಸ್ ಬಂದಾಗ ನನ್ನ ಒಂಬತ್ತು ವರ್ಷದ ಸೇವೆಯನ್ನು ಯಾರೂ ಮೂಸಿಯೂ ನೋಡಲಿಲ್ಲ. ನನಗಿಂತ ಆರು ವರ್ಷ ಚಿಕ್ಕವಳ ಕೈಕೆಳಗೆ ಸಹಶಿಕ್ಷಕಿಯಾದೆ. ಅವಳು ಒಳ್ಳೆಯವಳು, ಅದು ಬೇರೆ ಮಾತು. ಅರ್ಜಿ ಹಾಕುವುದೇ ಆದರೆ ಇಲಾಖೆಯ ಮೂಲಕ, ನಿರಾಕ್ಷೇಪಣಾ ಪತ್ರ ತಗೊಂಡು ಹಾಕಿ. ಆದೇಶ ಕೈಗೆ ಬರುವವರೆಗೆ ರಾಜೀನಾಮೆಯ ಮಾತು ಬಾಯಲ್ಲೂ ಆಡಬೇಡಿ. ಖಾನಾಪುರದಿಂದ ಗೋವಾ ಎಷ್ಟು ದೂರ? ಶನಿವಾರದ ಬಸ್ಸು ನಿಮ್ಮನ್ನು ಇನ್ನೂ ಸ್ವಲ್ಪ ವರ್ಷ ಸಾಕಬಹುದು.

ನ್ಯೂಜೆರ್ಸಿಯಲ್ಲಿದ್ದೇವೆ, ಟೆಕ್ಸಾಸ್‌ಗೆ ಹೋಗುವ ಯೋಚನೆ ಇದೆ. ಮೈಸೂರಿನಲ್ಲಿ ಎಂಎಸ್ಸಿ, ಬಿ.ಇಡಿ ಮಾಡಿದ್ದೇನೆ. ಗಂಡನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾ. ಯಾವ ರಾಜ್ಯದ ಲೈಸೆನ್ಸ್‌ಗೆ ಅರ್ಜಿ ಹಾಕಲಿ?
— ಓದುಗಿ, ಎಡಿಸನ್

ಹಾವೇರಿ ತಂಗಿಯ ಗೆಳತಿ ನೋಡಿದ ಲೈಸೆನ್ಸ್ ಇದೇ ಇರಬೇಕು! ಅಲ್ಲಿ ಪ್ರತಿ ರಾಜ್ಯವೂ ತನ್ನದೇ ಲೈಸೆನ್ಸ್ ಕೊಡುತ್ತದೆ. ನನ್ನ ಅಣ್ಣನ ಮಗಳು ಈ ದಾರಿ ತುಳಿದವಳು, ಅವಳನ್ನೇ ಕೇಳಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಅನುಮತಿ. ಎಚ್-4ರಲ್ಲಿ ಅದು ತಾನಾಗಿ ಬರುವುದಿಲ್ಲ, ಯಜಮಾನರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಅದು ಇಲ್ಲದೆ ಲೈಸೆನ್ಸ್ ಇದ್ದರೂ ಸಂಬಳ ಇಲ್ಲ. ಎರಡನೆಯದು ಪದವಿಗಳ ಮೌಲ್ಯಮಾಪನ. ನಿಮ್ಮ ಅಂಕಪಟ್ಟಿಗಳನ್ನು ಅಲ್ಲಿಯ ಮಾನ್ಯ ಸಂಸ್ಥೆಯೊಂದು ವಿಷಯವಾರು ತೂಗಿ, ಇದು ಅಮೆರಿಕದ ಇಂಥ ಪದವಿಗೆ ಸಮ ಅಂತ ಬರೆದುಕೊಡುತ್ತದೆ. ಅಂಕಪಟ್ಟಿಗಳು ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆಯಲ್ಲಿ ಹೋಗಬೇಕಾಗಬಹುದು. ಅದಕ್ಕೆ ಮೈಸೂರಿನಲ್ಲಿ ಯಾರಾದರೂ ಓಡಾಡುವವರು ಬೇಕು.

ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ರಾಜ್ಯ ಒಪ್ಪುವ ಒಪ್ಪಂದಗಳು ಅಲ್ಲಿವೆ. 2023ರಲ್ಲಿ ಹತ್ತು ರಾಜ್ಯಗಳು ಸೇರಿ ಹೊಸದೊಂದು ಒಪ್ಪಂದವನ್ನೂ ಜಾರಿಗೆ ತಂದವು. ಆದರೆ ಇವೆಲ್ಲ ಪೂರ್ತಿ ಲೈಸೆನ್ಸ್ ಇರುವವರಿಗೆ. ನಿಮ್ಮ ಹತ್ತಿರ ಇನ್ನೂ ಯಾವುದೂ ಇಲ್ಲ. ಆದ್ದರಿಂದ ಟೆಕ್ಸಾಸ್ ಖಚಿತವಾದರೆ ಅಲ್ಲಿಗೇ ನೇರವಾಗಿ ಹಾಕಿ. ಪರೀಕ್ಷೆಗಳೂ ಬೇರೆ, ಟೆಕ್ಸಾಸ್‌ಗೆ ತನ್ನದೇ ಇದೆ. ಎರಡು ಕಡೆ ದುಡ್ಡು ಸುರಿಯಬೇಡಿ. ಹೋಗುವುದು ಇನ್ನೂ ಯೋಚನೆಯಲ್ಲೇ ಇದ್ದರೆ ಈಗ ಮೌಲ್ಯಮಾಪನ ಒಂದು ಮುಗಿಸಿ, ಅದು ಎರಡೂ ಕಡೆ ಬೇಕಾಗುತ್ತದೆ. ಅದಕ್ಕೂ ಮೊದಲು ಎರಡೂ ರಾಜ್ಯಗಳು ಒಪ್ಪುವ ಸಂಸ್ಥೆ ಯಾವುದು ಅಂತ ನೋಡಿಕೊಳ್ಳಿ.

ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರಿನಲ್ಲಿ ಗಂಡನ ಅಡ್ಡಹೆಸರು. ಪುಣೆಯ ಶಾಲೆಯವರು ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡಿ ಅನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗಿ, ಪುಣೆ

ಮಹಾರಾಷ್ಟ್ರದಲ್ಲಿ ಹೆಸರು ಬರೆಯುವ ಕ್ರಮವೇ ಬೇರೆ. ಮೊದಲು ಅಡ್ಡಹೆಸರು, ಆಮೇಲೆ ನಮ್ಮ ಹೆಸರು, ಆಮೇಲೆ ಗಂಡನದು. ನಮ್ಮಲ್ಲಿ ಎರಡು ಅಕ್ಷರದ ಇನಿಷಿಯಲ್ ಹಾಕಿ ಮುಗಿಸುತ್ತೇವೆ. ಅವರಿಗೆ ಅದು ಅರ್ಧ ಹೆಸರಿನ ಹಾಗೆ ಕಾಣುತ್ತದೆ.

ಅಂಕಪಟ್ಟಿ ತಿದ್ದಿಸಲು ಹೋಗಬೇಡಿ, ಅದು ಹುಟ್ಟಿದ ಹೆಸರಲ್ಲೇ ಇರಲಿ. ಮದುವೆ ನೋಂದಣಿ ಪತ್ರ ಮಾಡಿಸಿ. ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೇ ಅಕ್ಷರ ತಪ್ಪದೆ ಬರಲಿ. ಇನಿಷಿಯಲ್‌ನ ಪೂರ್ತಿ ವಿಸ್ತಾರ ಬರೆದು ಒಂದು ಅಫಿಡವಿಟ್ ಮಾಡಿಸಿ. ಇಷ್ಟಕ್ಕೂ ಒಪ್ಪದಿದ್ದರೆ ಗೆಜೆಟ್ಟಿನಲ್ಲಿ ಹೆಸರು ಬದಲಾವಣೆ ಪ್ರಕಟಿಸಬೇಕು. ಮುಂದೆ ಬರೆಯುವ ಪ್ರತಿ ಅರ್ಜಿಯಲ್ಲೂ ಒಂದೇ ಹೆಸರು ಬರೆಯಿರಿ, ಟಿಇಟಿ ಅರ್ಜಿಯಿಂದಲೇ ಶುರು ಮಾಡಿ.

ನಾನು ಇದನ್ನು ಕಲಿತದ್ದು ತಡವಾಗಿ. ನನ್ನ ಟಿಸಿಎಚ್‌ನಲ್ಲಿ ಅಪ್ಪನ ಹೆಸರು, ಅಕ್ಕಲಕೋಟೆಯ ಸೇವಾ ಪುಸ್ತಕದಲ್ಲಿ ಗಂಡನ ಅಡ್ಡಹೆಸರು ಮೊದಲು, ಇಲ್ಲಿಯ ಸೇವಾ ಪುಸ್ತಕದಲ್ಲಿ ಕೊನೆಗೆ. ನಿವೃತ್ತಿಯ ಕಾಗದ ಪತ್ರ ಮಾಡುವಾಗ ಗುಮಾಸ್ತರು ಮೂರನ್ನೂ ಮೇಜಿನ ಮೇಲೆ ಹರಡಿ ‘ಇವರು ಮೂರೂ ಜನ ಯಾವಾಗ ಬರುತ್ತಾರೆ ಮೇಡಂ?’ ಅಂದರು.